ಗುಡುಗುಕಂಠನ ಕಣ್ಣಿಗೆ ಬಟ್ಟೆ

"ಇದು ಅಸಲಿ ಅಲ್ಲ ಶಾಮಣ್ಣ, ಡೂಪ್ಲಿಕೇಟ್," ಎಂದ ಸಮಿತಿಯ ಜಲೀಲ್, ಪರದೆಯ ಸಂದಿಯಿಂದ ವೇದಿಕೆಯತ್ತ ಇಣುಕುತ್ತ.

ಸಂಘದ ಕಾರ್ಯದರ್ಶಿ ಶಾಮಸುಂದರರ ಟೈ ತಾನಾಗಿಯೇ ಬಿಗಿಯಾಯಿತು. ದುಬೈ ಕನ್ನಡಿಗರ 1999ರ ಸಮಾರಂಭಕ್ಕೆ ಬೆಂಗಳೂರಿನಿಂದ 'ಗುಡುಗುಕಂಠ' ಗಜೇಂದ್ರ ಭೂಪತಿಯನ್ನೇ ತರುತ್ತೇನೆ, ತಾರದಿದ್ದರೆ ಪಟ್ಟ ಬಿಡುತ್ತೇನೆ ಎಂದು ಮಹಾಸಭೆಯ ಮೈಕಿನಲ್ಲೇ ಹೇಳಿದ್ದರು. ತಾರೆಯನ್ನು ತಂದದ್ದೂ ಆಯಿತು. ತಾರೆ ಬಾಯಿ ಬಿಟ್ಟದ್ದೇ ತಗಾದೆಯಾಯಿತು. ಆರುನೂರು ಜನರೆದುರು ಅದು "ನಮಸ್ಕಾರ" ಎಂದಾಗ ಕೇಳಿಸಿದ್ದು ಗುಡುಗಲ್ಲ, ಕುಕ್ಕರಿನ ಸೀಟಿ.

"ಗಂಟಲು ಕೆಟ್ಟಿದೆಯಂತೆ. ಏಸಿ ಗಾಳಿ."

"ಗುಡುಗಿಗೆ ಗಂಟಲು ಕೆಟ್ಟರೆ ಮಿಯಾವ್ ಅನ್ನುವುದಾ ಮಾರಾಯ್ರೆ? ಮೂಗು ಅವರದ್ದೇ ಹಾಗೆ ಉಂಟು, ಒಪ್ಪಿದೆ. ಅಂಥ ಮೂಗು ಇಲ್ಲಿಯ ದೇರಾ ಪೇಟೆಯಲ್ಲಿ ಹತ್ತು ಸಿಕ್ಕುತ್ತದೆ. ಐದು ವರ್ಷದಿಂದ ಒಂದು ಪಿಚ್ಚರ್ ಇಲ್ಲ, ಅಸಲಿ ಎಲ್ಲಿದ್ದಾರೋ ಏನೋ. ಏಜೆಂಟ್ ನಿಮಗೆ ಟೊಪ್ಪಿ ಹಾಕಿದ್ದಾನೆ."

ವೇದಿಕೆಯಲ್ಲಿ ಆಟಕ್ಕೆ ಮೇಜು ಜೋಡಿಸುತ್ತಿದ್ದರು. ಹಳೆಯ ಅಮೆರಿಕನ್ ಟಿವಿ ಆಟಗಳ ಕ್ಯಾಸೆಟ್ ನೋಡಿ ಶಾಮಸುಂದರರೇ ಹೊಂದಿಸಿದ್ದು. ಗಣ್ಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂರಬೇಕು. ಗುಟ್ಟಿನ ಅತಿಥಿಯೊಬ್ಬ ಬಂದು ಪ್ರಶ್ನೆಗಳಿಗೆ ಹೌದು, ಇಲ್ಲ ಎಂದಷ್ಟೇ ಹೇಳುತ್ತಾನೆ. ಅವನು ಯಾರೆಂದು ಗಣ್ಯರು ಪತ್ತೆ ಹಚ್ಚಬೇಕು. ಗಣ್ಯರು ನಾಲ್ವರು: ಭೂಪತಿ, ವಾರ್ತಾವಾಚಕಿ ಹಿತಾ, ಮತ್ತು ಪ್ರಾಯೋಜಕರಾದ ಕಾರಣಕ್ಕೆ ಗಣ್ಯರಾದ ಇಬ್ಬರು ಹೋಟೆಲ್ ಮಾಲಿಕರು.

"ಅತಿಥಿಯಾಗಿ ನಮ್ಮ ಇಗ್ನೇಶಿಯಸ್‌ನನ್ನು ಕಳಿಸಿ," ಎಂದ ಜಲೀಲ್. "ಅವ ಗುಡುಗಲಿ. ಅಸಲಿಯಾದರೆ ತನ್ನ ಸ್ವರ ಕೇಳಿ ನಗುತ್ತಾನೆ. ನಕಲಿಯಾದರೆ ಬೆವರುತ್ತಾನೆ. ಬೆವರಿದರೆ ಖಲಾಸ್, ನೀವು ಅಲ್ಲೇ ರಾಜೀನಾಮೆ ಓದಿ."

ಇಗ್ನೇಶಿಯಸ್ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಕೌಂಟರಿನವನು. 1994ರಲ್ಲಿ ದುಬೈಗೆ ಬಂದವನು. ಕ್ರಿಸ್‌ಮಸ್ ಪಾರ್ಟಿಗಳಲ್ಲಿ ಅವನು ಭೂಪತಿಯ ಡೈಲಾಗ್ ಹೊಡೆದರೆ ಗ್ಲಾಸುಗಳು ನಡುಗುತ್ತಿದ್ದವು.

"ಬೇಡ," ಎಂದ ಪಕ್ಕದಲ್ಲೇ ನಿಂತಿದ್ದ ಇಗ್ನೇಶಿಯಸ್. "ಅವರೆದುರು ಆ ಸ್ವರ ತೆಗೆಯುವುದು ಚಂದ ಅಲ್ಲ."

"ಹೆದರಿಕೆಯಾ?"

"ನನಗೇನು ಹೆದರಿಕೆ?"

ಶಾಮಸುಂದರರು ಕೈ ಹಿಡಿದುಕೊಂಡರು. "ನನ್ನ ಮಾನ ಉಳಿಸಪ್ಪಾ."

ಇಗ್ನೇಶಿಯಸ್ ನಿಟ್ಟುಸಿರಿಟ್ಟು ವೇದಿಕೆಗೆ ನಡೆದ.

"ತಾವು ಸಿನಿಮಾ ಕ್ಷೇತ್ರದವರೇ?" ವಾರ್ತೆ ಓದುವ ಧಾಟಿಯಲ್ಲೇ ಕೇಳಿದಳು ಹಿತಾ.

"ಹೌದು."

ಸಭಾಂಗಣದ ಗಾಜು ಅದುರಿತು. ಸೀಟಿಗಳು ಹಾರಿದವು. "ಎಂಥ ಸುಳ್ಳ, ನೋಡಿ," ಎಂದು ಜಲೀಲ್ ಮೆಚ್ಚಿಕೊಂಡ.

"ತಮ್ಮನ್ನು ಕನ್ನಡಿಗರೆಲ್ಲ ಬಲ್ಲರೇ?"

ಇಗ್ನೇಶಿಯಸ್ ಕೊಂಚ ಯೋಚಿಸಿದ. "ಹೌದು. ಇಲ್ಲ."

ಜನ ಬಿದ್ದು ಬಿದ್ದು ನಕ್ಕರು. ಭೂಪತಿ ನಗಲಿಲ್ಲ. ಅವನ ಕೈತಗುಲಿ ನೀರಿನ ಲೋಟ ಉರುಳಿತು. ಕಣ್ಣಿನ ಬಟ್ಟೆಯ ಕೆಳಗೆ ಬೆವರು ಇಳಿಯಿತು.

"ಕಂಡಿರಾ?" ಎಂದ ಜಲೀಲ್. ಶಾಮಸುಂದರರು ಒಂದು ಹಾಳೆ ಹುಡುಕಿ ಪೆನ್ನಿನ ಮುಚ್ಚಳ ತೆಗೆದರು.

"ನಾವಿಬ್ರೂ..." ಭೂಪತಿಯ ಕುಕ್ಕರ್ ಸಣ್ಣಗೆ ಕೂಗಿತು. "ನಾವಿಬ್ರೂ ಮೊದಲು ಭೇಟಿ ಆಗಿದೀವಾ?"

ಇಗ್ನೇಶಿಯಸ್ ತಡವರಿಸಿದ. ಅಷ್ಟರಲ್ಲಿ, ಸಾಮಾನು ಇಲ್ಲ ಎನ್ನಲು ಕೌಂಟರಿನಲ್ಲಿ ದಿನಕ್ಕೆ ನೂರು ಸಲ ಆಡುವ ಅರಬ್ಬಿಯ 'ಇಲ್ಲ' ತಾನಾಗಿ ನಾಲಿಗೆಗೆ ಬಂತು.

"ಮಾಫಿ."

ಬೆಂಗಳೂರಿನಿಂದ ಅಂದು ಬೆಳಿಗ್ಗೆಯಷ್ಟೇ ಇಳಿದ ಕಿವಿಗೆ ಅದು ಕನ್ನಡವಾಗಿಯೇ ಬಿತ್ತು. ಕಣ್ಣು ಕಟ್ಟಿದ್ದವನಿಗೆ ಮೈಕೂ ಕಾಣಲಿಲ್ಲ, ಆರುನೂರು ಜನರೂ ಕಾಣಲಿಲ್ಲ. ಭೂಪತಿ ತೋಳು ಚಾಚಿಕೊಂಡು ಎದ್ದು ನಿಂತ.

"ಮಾಫಿ ಕೇಳ್ಬೇಕಾದೋನು ನಾನು, ಇಗ್ನೇಶಿಯಸ್. ಅರವತ್ತು ಪಿಕ್ಚರಲ್ಲಿ ನನ್ನ ಬಾಯಿಗೆ ಡಬ್ಬಿಂಗ್ ಕೊಟ್ಟೋರು ನೀವು, ಒಂದರಲ್ಲೂ ನಿಮ್ಮ ಹೆಸರು ಹಾಕಿಸ್ಲಿಲ್ಲ. ನೀವು ಬಿಟ್ಟು ಬಂದ್ಮೇಲೆ ಯಾವ ಪ್ರೊಡ್ಯೂಸರೂ ನನ್ನ ಬಾಯಿ ತೆರೆಸ್ಲಿಲ್ಲ."