ಹೆಪ್ಪಿನ ಪಾಲು

ಬಸಲಿಂಗವ್ವನ ಮನೆಯ ಮೊಸರು ಎಷ್ಟು ಹೊತ್ತಿಟ್ಟರೂ ಹುಳಿಯಾಗದು ಎಂಬ ಸುದ್ದಿ ಕೇಳಿ, ಅದರ ಹೆಪ್ಪು ಒಯ್ಯಲು ವಿದೇಶದ ಪ್ರಯೋಗಾಲಯವೊಂದರ ಪರವಾಗಿ ವಿಜ್ಞಾನಿಯೊಬ್ಬ ಬಂದಿದ್ದ.

"ನಿಮ್ಮ ಒಪ್ಪಿಗೆ ಇಲ್ಲದೆ ಒಂದು ಚಮಚಾನೂ ಮುಟ್ಟೋ ಹಾಗಿಲ್ಲಮ್ಮ. ಅಂತರರಾಷ್ಟ್ರೀಯ ನಿಯಮ. ಮುಂದೆ ಲಾಭ ಬಂದರೆ ನಿಮಗೂ ಪಾಲಿದೆ."

"ಹಂಗಾದ್ರ ಒಯ್ರಿ. ನಮ್ಮತ್ತಿ ಕಾಲದ ಹೆಪ್ಪು ಇದು. ಒಂದು ದಿನಾನೂ ತಪ್ಪಿಸಿಲ್ಲ."

"ನಿಮ್ಮತ್ತೆಗೆ ಯಾರು ಕೊಟ್ಟಿದ್ದು? ಮೂಲ ಯಾರದೋ ಅವರೂ ಒಪ್ಪಬೇಕು."

ಹಿತ್ತಲ ಗೋಡೆಯಾಚೆ ಪಕ್ಕದ ಮನೆಯ ಗಂಗವ್ವನ ತಲೆ ಎದ್ದಿತು. "ನಮ್ಮ ಮನೀದ್ರಿ ಅದು. ನಮ್ಮತ್ತಿ ಬಟ್ಟಲದಾಗ ಹಾಕಿ ಕೊಟ್ಟಿದ್ಲು. ಆ ಬಟ್ಟಲಾನೂ ಹೊಳ್ಳಿ ಬಂದಿಲ್ಲ."

"ಹೆಪ್ಪು ಕೊಟ್ಟೋರು ಯಾರರೆ ತಿರುಗಿ ಕೇಳತಾರೇನ?" ಎಂದಳು ಬಸಲಿಂಗವ್ವ.

"ಹೆಪ್ಪು ಕೇಳಂಗಿಲ್ಲವ್ವಾ. ಪಾಲು ಕೇಳತೀನಿ."

ಗೋಡೆಯ ಎರಡೂ ಬದಿಯಿಂದ ಸತ್ತ ಅತ್ತೆಯರನ್ನೆಲ್ಲ ಸಾಕ್ಷಿಗೆ ಕರೆದದ್ದಾಯಿತು. ವಿಜ್ಞಾನಿಯ ಚಹಾ ಆರಿಹೋದ ಮೇಲೆ, ಅರ್ಧರ್ಧ ಎಂದು ಇಬ್ಬರೂ ಒಪ್ಪಿದರು. ಬಸಲಿಂಗವ್ವ ಬಟ್ಟಲು ಹುಡುಕಲು ಅಟ್ಟ ಹತ್ತಿದಳು.

ವಿಜ್ಞಾನಿ ಗಾಜಿನ ಸೀಸೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಅಲ್ಲಿ ಬಸಲಿಂಗವ್ವನ ಸೊಸೆ ಮೊಸರಿನ ಗಡಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಅಟ್ಟದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಸರ, ಅತ್ತಿಯವರ ಹೆಪ್ಪು ಹೋದ ಬ್ಯಾಸಗ್ಯಾಗ ಕೆಟ್ಟಿತ್ರಿ. ಅಂಗಡಿ ಪಾಕೀಟು ಮೊಸರಿನವರ ಒಪ್ಪಿಗೀನೂ ತಗೋಬೇಕಾಗತದೇನ್ರಿ?"