ಕಪ್ಪು ತುಂಬಿದ ಕಣ್ಣು

“ಪಾಪುವಿನ ಕಣ್ಣೊಳಗೆ ಇರೋದು ಗಡ್ಡೆ. ಇಂಥ ಕಣ್ಣು ಕ್ಯಾಮೆರಾ ಫ್ಲ್ಯಾಶ್ ಬಿದ್ದಾಗ ಬೆಳ್ಳಗೆ ಹೊಳೆಯುತ್ತೆ. ಬೇಗ ಗೊತ್ತಾದ್ರೆ ಕಣ್ಣು ಉಳಿಸಬಹುದು. ಯಾವಾಗ ಶುರುವಾಗುತ್ತೆ ಅನ್ನೋದೇ ನಮ್ಮ ಸಂಶೋಧನೆ. ಪಾಪುವಿನ ಹಳೇ ಫೋಟೋ ಇದೆಯಾ?” ಎಂದು ಡಾಕ್ಟರು ಕೇಳಿದ್ದೇ ತಡ, ಅಕ್ಕ ಆಲ್ಬಮ್ ಮುಂದಿಟ್ಟಳು. “ಎಲ್ಲಾ ನನ್ನ ತಮ್ಮನೇ ತೆಗೆದದ್ದು ಮೇಡಂ. ಸ್ವಂತ ಸ್ಟುಡಿಯೋ ಇದೆ.”

ಅಂಥ ಮಾತಿಗೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ ತಮ್ಮ ಇವತ್ತು ತಲೆ ಎತ್ತಲಿಲ್ಲ. ತೊಡೆಯ ಮೇಲಿದ್ದ ಅಕ್ಕನ ಮಗಳು ಅವನ ಅಂಗಿಯ ಗುಂಡಿ ಹಿಡಿದು ಎಳೆಯುತ್ತಿದ್ದಳು.

ಡಾಕ್ಟರು ಕೊನೆಯ ಹಾಳೆವರೆಗೂ ತಿರುವಿ ನೋಡಿದರು. “ವಿಚಿತ್ರ. ಮೊದಲ ಹುಟ್ಟುಹಬ್ಬದಲ್ಲೂ ಎರಡು ಕಣ್ಣೂ ಕಪ್ಪಗೇ ಇವೆ. ಹಾಗಾದ್ರೆ ಇದು ಈಚೆಗೆ ಬಂದಿರಬೇಕು.”

“ಅಬ್ಬಾ! ನಾವು ನೋಡದೇ ಬಿಟ್ಟದ್ದಲ್ಲ ಅಂತಾಯ್ತು,” ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ತಮ್ಮ ಹುಟ್ಟುಹಬ್ಬದ ಫೋಟೋ ಮೇಲೆ ಬೆರಳಿಟ್ಟ. “ಇತ್ತು ಮೇಡಂ. ಆಗಲೂ ಬಿಳಿ ಇತ್ತು. ಫೋಟೋ ಕೆಟ್ಟಿದೆ ಅಂದ್ಕೊಂಡು ಪ್ರತಿ ಸಲ ನಾನೇ ಕಂಪ್ಯೂಟರಲ್ಲಿ ಕಪ್ಪು ತುಂಬಿದೆ. ಚೆನ್ನಾಗಿ ಕಾಣ್ಲಿ ಅಂತ.”

ಅಕ್ಕ ಎದ್ದು ಬಂದು ಮಗುವನ್ನು ಅವನ ತೊಡೆಯಿಂದ ಎತ್ತಿಕೊಂಡಳು. ಮಗು ಗುಂಡಿ ಬಿಡಲೊಲ್ಲದು. ಆ ಪುಟ್ಟ ಬೆರಳುಗಳನ್ನು ಅಕ್ಕ ಒಂದೊಂದಾಗಿ ಬಿಡಿಸಿದಳು.