ಸಣ್ಣನಿಂಗಮ್ಮ ಕೇಳಿದ ದಿನ

ಊರಿನ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲದೆ ಸಣ್ಣನಿಂಗಮ್ಮನ ಹಿರಿಸೊಸೆ ಹೆರಿಗೆ ನೋವಿನಲ್ಲಿ ತಾಲ್ಲೂಕು ಆಸ್ಪತ್ರೆಯ ದಾರಿಯಲ್ಲೇ ಕಣ್ಣು ಮುಚ್ಚಿದ್ದಳು. ಈಗ ಕಿರಿಸೊಸೆಗೆ ದಿನ ತುಂಬಿತ್ತು. ಅದಕ್ಕೇ, ಓಟು ಕೇಳಲು ಬಂದ ನಾಯಕರ ಸಭೆಯಲ್ಲಿ ಮುದುಕಿ ಮುಂದಿನ ಸಾಲಿಗೇ ಹೋಗಿ ಕೂತಿದ್ದಳು.

ನಾಯಕರು ಮಣ್ಣಿನ ಋಣ, ಜನರ ಸ್ವಾಭಿಮಾನ, ಹೊಸ ನಾಡಿನ ಕನಸು ಎಂದು ಮಾತಾಡುತ್ತಲೇ ಹೋದರು. ಜನ ಶಿಳ್ಳೆ ಹೊಡೆದರು. ನಾಯಕರು ನೀರು ಕುಡಿಯಲು ಮಾತು ನಿಲ್ಲಿಸಿದಾಗ ಮುದುಕಿ ಎದ್ದಳು.

“ಅದೆಲ್ಲ ಇರ್ಲಿ ಕಣಪ್ಪ. ನಮ್ಮ ಆಸ್ಪತ್ರೆಗೆ ಡಾಕ್ಟ್ರು ಯಾವತ್ತು ಬತ್ತಾರೆ?”

“ಕೂತ್ಕಳಕ್ಕ, ದೊಡ್ಡೋರು ಮಾತಾಡ್ತಾವ್ರೆ,” ಎಂದು ಪಕ್ಕದ ಮನೆಯ ಚಿಕ್ಕತಾಯಮ್ಮ ಸೆರಗು ಎಳೆದಳು.

“ಮನೇಲಿ ಹುಡುಗಿ ಇವತ್ತೋ ನಾಳೆಯೋ ಅಂತವ್ಳೆ. ದಿನ ಹೇಳ್ಲಿ, ಕೂತ್ಕತೀನಿ.”

ನಾಯಕರು ಮೈಕು ಹಿಡಿದೇ ವೇದಿಕೆ ಇಳಿದು ಬಂದರು. “ಇವರು ಬರೀ ಒಬ್ಬ ತಾಯಿಯಲ್ಲ, ಈ ನಾಡಿನ ಅಂತಃಕರಣ. ಈ ತಾಯಿಯ ನೋವೇ ನನ್ನ ಉಸಿರು,” ಎಂದವರೇ, ಮೈಕನ್ನು ಪಕ್ಕದವನಿಗೆ ಕೊಟ್ಟು, ಎಲ್ಲರೂ ನೋಡುತ್ತಿದ್ದಂತೆ ಅವಳ ಕಾಲಿಗೆ ಬಿದ್ದರು.

“ದಿನ ಹೇಳಪ್ಪ,” ಎಂದಳು ಮುದುಕಿ.

ನಾಯಕರು ಏಳಲಿಲ್ಲ. ಕಾಲಿಗೆ ಬಿದ್ದವರನ್ನು ಹರಸದೆ ಹಾಗೇ ಬಿಡುವ ಹಿರಿಯರು ಆ ಊರಿನಲ್ಲಿರಲಿಲ್ಲ, ಬಿದ್ದವನು ದಾಯಾದಿಯೇ ಆಗಿದ್ದರೂ ಸರಿ. ಜನ ಕಾಯುತ್ತಿದ್ದರು. ಪಕ್ಕದವನು ಮೈಕನ್ನು ಅವಳ ಬಾಯಿಗೆ ಹಿಡಿದ.

ಮುದುಕಿಯ ಕೈ ತಾನಾಗಿ ಆ ತಲೆಯ ಮೇಲೆ ಹೋಯಿತು. “ಗೆದ್ದು ಬಾರಪ್ಪ,” ಎಂದದ್ದು ಊರಿಗೆಲ್ಲ ಕೇಳಿಸಿತು.